ದೋನ ಎರ್ಮೆಲಿಂದಾ ಊರು ನೋಡಿದ್ದು

ದೋನ ಎರ್ಮೆಲಿಂದಾರ ತೀರಿಹೋದ ಗಂಡ ಅದೆಲಿನೊ ಅವರ ಮೂಳೆಗಳನ್ನು ಹತ್ತು ಗಂಟೆಗೆ ಎತ್ತುತ್ತೇವೆ ಎಂದು ಸ್ಮಶಾನದಿಂದ ಹೇಳಿದ್ದರು. ನಾವಿಬ್ಬರೂ ಎಂಟಕ್ಕೆಲ್ಲ ಹೋಗಿ ಟ್ರಾಮು ನಿಲ್ಲುವ ಜಾಗದಲ್ಲಿ ನಿಂತೆವು. ದೋನ ಎರ್ಮೆಲಿಂದಾ ಕಪ್ಪು ಉಡುಪು ತೊಟ್ಟು, ತಾವೇ ಹೆಣೆದ ಬಿಳಿ ಕಸೂತಿ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ನಾನು ಪಕ್ಕದ ಮನೆಯವಳು, ಫೆಲಿಸ್ಮಿನಾ. ಅವರಿಗೆ ಮಕ್ಕಳಿಲ್ಲ, ಮಂಡಿಗಳಲ್ಲಿ ಬಲವಿಲ್ಲ, ಜೊತೆಗೆ ಬರಲು ನಾನಲ್ಲದೆ ಇನ್ಯಾರೂ ಇರಲಿಲ್ಲ.

ಲಿಸ್ಬನ್ನಿನಲ್ಲಿ ನಮ್ಮಂಥವರ ಗೋರಿ ಎಂದರೆ ಬಾಡಿಗೆ ಮನೆ ಇದ್ದ ಹಾಗೆ. ಸ್ವಂತ ಕಲ್ಲಿನ ಮಂಟಪ ಕಟ್ಟಿಸಿಕೊಂಡ ಶ್ರೀಮಂತರು ಎಷ್ಟು ಕಾಲ ಬೇಕಾದರೂ ಮಲಗಿರಬಹುದು. ಉಳಿದವರು ಕೆಲವು ವರ್ಷ ಕಳೆದ ಮೇಲೆ ಜಾಗ ಖಾಲಿ ಮಾಡಬೇಕು. ಗುಂಡಿ ತೋಡುವವನು ಮಣ್ಣು ಸರಿಸಿ ಮೂಳೆಗಳನ್ನು ಒಂದೊಂದಾಗಿ ಮೇಲೆ ಕೊಡುತ್ತಾನೆ. ಮನೆಯವರು ಅವನ್ನು ಒರೆಸಿ, ಸಣ್ಣ ಪೆಟ್ಟಿಗೆಗೆ ತುಂಬಿ, ಬಟ್ಟೆ ಹೊದಿಸಿ, ಗೋಡೆಯಲ್ಲಿರುವ ಗೂಡಿಗೆ ಸೇರಿಸುತ್ತಾರೆ. ಮನೆಯವರು ಬರಲಿಲ್ಲ ಎಂದು ಕೆಲಸವೇನೂ ನಿಲ್ಲುವುದಿಲ್ಲ. ಅವನೇ ತುಂಬಿ ಮೊಹರು ಹಾಕುತ್ತಾನೆ, ಆಮೇಲೆ ಆ ಪೆಟ್ಟಿಗೆಯನ್ನು ಯಾರೂ ತೆರೆಯುವ ಹಾಗಿಲ್ಲ. ನಮ್ಮ ಓಣಿಯ ವಿಧವೆಯೊಬ್ಬಳು ಹಾಗೆ ತಡವಾಗಿ ಹೋಗಿ, ಯಾರದೋ ಗಂಡನ ಪೆಟ್ಟಿಗೆಗೆ ವರ್ಷಗಟ್ಟಲೆ ಹೂ ಇಟ್ಟು ಬಂದಳು ಎಂಬ ಮಾತು ಇಂದಿಗೂ ಬಾವಿಕಟ್ಟೆಯ ಹರಟೆಯಂತೆ ಹರಿದಾಡುತ್ತದೆ. ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆದರೆ ದೋನ ಎರ್ಮೆಲಿಂದಾ ಆ ಮಾತಿನಿಂದ ನಿದ್ದೆ ಕೆಡಿಸಿಕೊಂಡಿದ್ದರು.

"ನಾನೇ ನೋಡ್ಬೇಕು ಕಣೇ ಮಗಳೇ," ಎಂದಿದ್ದರು ಮನೆಯಿಂದ ಹೊರಡುವಾಗ. "ಇವರೇ ಅಂತ ನನ್ನ ಕಣ್ಣಿಗೆ ಗೊತ್ತಾಗ್ಬೇಕು. ನನ್ನ ಕೈಯಲ್ಲಿ ಒಂದ್ಸಲ ಒರೆಸ್ಬೇಕು. ಆಮೇಲೆ ಯಾವ ಗೂಡಿಗೆ ಬೇಕಾದ್ರೂ ಹಾಕ್ಲಿ."

ಮೊದಲ ಟ್ರಾಮು ಬಂತು. ಕಿಟಕಿಗಳ ತುಂಬ ಪ್ರವಾಸಿಗರ ಟೊಪ್ಪಿಗೆ, ಫೋನು, ಬಿಸಿಲಿಗೆ ಕೆಂಪಾದ ತೋಳು. ನಿಲ್ಲದೆ ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದು ನಿಂತಿತು, ಆದರೆ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗಿದ್ದ ಒಬ್ಬ ನಮ್ಮತ್ತ ಬಗ್ಗಿ, ಕಪ್ಪು ಉಡುಪಿನ ಮುದುಕಿ ಸಿಕ್ಕಳೆಂದು ಖುಷಿಯಿಂದ ಫೋಟೊ ತೆಗೆದುಕೊಂಡ. ಈ ಟ್ರಾಮು ಮಾರುಕಟ್ಟೆಗೆ, ಆಸ್ಪತ್ರೆಗೆ, ಸ್ಮಶಾನಕ್ಕೆ ಹೋಗಲು ಹಾಕಿದ್ದು ಎಂದು ಆ ಪುಣ್ಯಾತ್ಮರಿಗೆ ಯಾರು ಹೇಳಬೇಕು? ನಾನು ಹೇಳುವ ಹಾಗಿಲ್ಲ. ನಾನು ಮನೆಯ ಕಿಟಕಿಯಲ್ಲೇ ಕೂತು ಅವರಿಗೆ ಚೆರಿಹಣ್ಣಿನ ಮದ್ಯವನ್ನು ಪುಟ್ಟ ಲೋಟಗಳಲ್ಲಿ ಮಾರಿ ಬದುಕುವವಳು. ಅವರು ಬಾರದಿದ್ದರೆ ನನ್ನ ಒಲೆ ಉರಿಯುವುದಿಲ್ಲ, ಬಂದರೆ ಹೊಟ್ಟೆ ಉರಿಯುತ್ತದೆ.

ಟ್ಯಾಕ್ಸಿಗೆ ಫೋನು ಮಾಡಿದೆ. ಬಂದರಿಗೆ ದೊಡ್ಡ ಪ್ರವಾಸಿ ಹಡಗುಗಳು ಬಂದಿವೆ, ಟ್ಯಾಕ್ಸಿಗಳೆಲ್ಲ ಅಲ್ಲೇ ಇವೆ, ನಿಮ್ಮ ಇಳಿಜಾರಿನ ಓಣಿಗೆ ಯಾರೂ ಬರುವುದಿಲ್ಲ ಎಂದರು. ಇನ್ನೊಂದು ಟ್ರಾಮು ತುಂಬಿಕೊಂಡೇ ಹೋಯಿತು. ಒಂಬತ್ತು ದಾಟಿತ್ತು. ನಡೆದೇಬಿಡೋಣ ಎಂದು ದೋನ ಎರ್ಮೆಲಿಂದಾ ಹೊರಟರು. ಹತ್ತು ಹೆಜ್ಜೆಗೇ ಗೋಡೆ ಹಿಡಿದು ನಿಂತರು.

ಆಗ ಕಂಡವನು ಜೆಫೆರಿನೊ. ನಮ್ಮ ಮೇಲಿನ ಬೀದಿಯವನೇ. ಮೊದಲು ಬಡಗಿ, ಈಗ ಮೂರು ಚಕ್ರದ ಟುಕ್‌ಟುಕ್‌ನಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಾನೆ. ಹಿಂದಿನ ಸೀಟಿನಲ್ಲಿ ಉತ್ತರದ ಯಾವುದೋ ಚಳಿದೇಶದ ಗಂಡಹೆಂಡಿರು ಕೂತಿದ್ದರು. ನಾನು ಅಡ್ಡ ನಿಂತು ವಿಷಯ ಹೇಳಿದೆ. ಅವನ ಮುಖ ಸಪ್ಪಗಾಯಿತು. ಇವರ ಸುತ್ತಾಟ ಮುಗಿಯುವುದು ದೊಡ್ಡ ಬಿಳಿ ಗುಮ್ಮಟದ ಚರ್ಚಿನ ಹತ್ತಿರ, ಅಲ್ಲಿಂದ ಸ್ಮಶಾನ ಎರಡೇ ನಿಮಿಷ, ಇವರನ್ನೇ ಕೇಳುತ್ತೇನೆ ಎಂದ. ತಿರುಗಿ ಅವರ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಏನೋ ಹೇಳಿದ. ಆ ಹೆಂಗಸು ಎರಡೂ ಕೈ ಎದೆಗೆ ಒತ್ತಿಕೊಂಡು, "ಓ" ಎಂದು ಕರಗಿ, ದೋನ ಎರ್ಮೆಲಿಂದಾರನ್ನು ತಾನೇ ಕೈಹಿಡಿದು ಹತ್ತಿಸಿಕೊಂಡಳು. ಆಕೆಯ ಗಂಡ ಎದ್ದು ಮುಂದಿನ ಸೀಟಿಗೆ ಹೋದ. ಒಳ್ಳೆಯ ಜನ. ಅದೇ ಕೊನೆಗೆ ನಮಗೆ ಮುಳುವಾಯಿತು.

ಟುಕ್‌ಟುಕ್ ಹೊರಟ ಮೇಲೆ ಅವರಿಗೆ ಏನು ಹೇಳಿದೆ ಎಂದು ಜೆಫೆರಿನೊನನ್ನು ಕೇಳಿದೆ. ಈ ಅಮ್ಮ ತುಂಬ ವರ್ಷಗಳಿಂದ ನೋಡದ ಗಂಡನನ್ನು ನೋಡಲು ಹೋಗುತ್ತಿದ್ದಾರೆ ಎಂದು ಹೇಳಿದೆ ಎಂದ.

"ಸತ್ತಿದಾರೆ ಅಂತ ಯಾಕೋ ಹೇಳ್ಲಿಲ್ಲ?"

"ಪ್ರವಾಸಿಗಳ ಮುಂದೆ ಸಾವಿನ ಮಾತು ಎತ್ತಬಾರ್ದು, ದೋನ ಫೆಲಿಸ್ಮಿನಾ. ಅದೇ ಮೊದಲ್ನೇ ಪಾಠ. ಆ ಹಳೇ ಭೂಕಂಪದ ಕಥೆ ಹೇಳ್ಬಹುದು, ಅದ್ರಲ್ಲಿ ಹೋದವ್ರು ಸತ್ತು ತುಂಬಾ ಕಾಲ ಆಯ್ತು. ನಿನ್ನೆ ಮೊನ್ನೆ ಸತ್ತವರ ಸುದ್ದಿ ಹೇಳಿದ್ರೆ ಮೂಡು ಹಾಳಾಗತ್ತೆ, ಫೋನಲ್ಲಿ ಕೆಟ್ಟದಾಗಿ ಬರೀತಾರೆ, ನಮ್ಮ ಯಜಮಾನ ನನ್ನ ಕೈಲಿರೋ ಗಾಡಿ ಕಿತ್ಕೋತಾನೆ."

ಮೊದಲು ಗುಡ್ಡದ ಮೇಲಿನ ಕಟ್ಟೆಯಲ್ಲಿ ನಿಂತ. ನದಿ, ಕೆಂಪು ಹೆಂಚಿನ ಮಾಡುಗಳು, ಕೋಟೆ. ಅವನು ಕೈಬೀಸಿ ಏನೇನೋ ಹೇಳಿದ, ಅವರು ಫೋಟೊ ತೆಗೆದರು. ಐದೇ ನಿಮಿಷ ಎಂದು ನನಗೆ ಕಣ್ಸನ್ನೆ ಮಾಡಿದ. ಆ ಹೆಂಗಸು ದೋನ ಎರ್ಮೆಲಿಂದಾರನ್ನೂ ಕಟ್ಟೆಯ ಹತ್ತಿರ ಕರೆದೊಯ್ದಳು. ಹುಟ್ಟಿದಾಗಿನಿಂದ ಆ ನದಿಯ ಮುಖ ನೋಡಿಯೇ ಬೆಳೆದವರು, ಅತಿಥಿಯ ಮನಸ್ಸು ನೋಯಬಾರದೆಂದು ಈಗ ತಲೆಯಾಡಿಸಿ ನಕ್ಕರು.

ಇಳಿಜಾರಿನ ಮಧ್ಯೆ ನೀಲಿ ಪಿಂಗಾಣಿ ಬಿಲ್ಲೆಗಳ ಒಂದು ಗೋಡೆಯ ಮುಂದೆ ಮತ್ತೆ ನಿಂತ. ಮುನ್ನೂರು ವರ್ಷ ಹಳೆಯದು ಎಂದು ಅವನು ಬಣ್ಣಿಸುತ್ತಿದ್ದ. ನನಗೆ ನಗು ಬಂತು, ಅಳುವೂ ಬಂತು. ಗಾರೆ ಕೆಲಸದ ಅದೆಲಿನೊ ಅವರು ಆ ಗೋಡೆಯ ಅರ್ಧವನ್ನು ಹೊಸ ಬಿಲ್ಲೆ ಹಾಕಿ ಸರಿಮಾಡಿದ್ದನ್ನು ನಾನೇ ನೋಡಿದ್ದೆ. ದೋನ ಎರ್ಮೆಲಿಂದಾ ಗೋಡೆಯನ್ನು ದೂರದಿಂದ ನೋಡಿದರು. ಇವರ ಕೆಲಸ ಎಂದು ಒಂದು ಮಾತೂ ಹೇಳಲಿಲ್ಲ. ಜೆಫೆರಿನೊನ ಕಥೆ ಸುಳ್ಳಾದರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ ಎಂದುಕೊಂಡರೋ ಏನೋ.

ದಾರಿಯ ಮಧ್ಯದ ಇನ್ನೊಂದು ಹಳೆಯ ಚರ್ಚಿನ ಮುಂದೆ ರಸ್ತೆಯೇ ಕಟ್ಟಿಹೋಗಿತ್ತು. ಬಸ್ಸು, ಬಣ್ಣದ ಛತ್ರಿ ಹಿಡಿದು ಗುಂಪು ನಡೆಸುವವರು, ಅಡ್ಡ ನಿಂತ ಟ್ರಾಮು. ಇಳಿಯೋಣ ಎಂದರೆ ಎಲ್ಲಿಗೆ ಇಳಿಯುವುದು, ದೋನ ಎರ್ಮೆಲಿಂದಾರನ್ನು ಹೊತ್ತುಕೊಂಡು ಹೋಗಲೇ? ನಾನೇ ಆ ಹೆಂಗಸಿಗೆ ಹೇಳಿಬಿಡೋಣ ಎಂದು ನನ್ನ ಕಿಟಕಿಯ ಇಂಗ್ಲಿಷನ್ನು ಹುಡುಕಿದೆ. ಸಿಹಿ, ಖಾರ, ಇನ್ನೊಂದು ಲೋಟ, ಚಿಲ್ಲರೆ ಇಲ್ಲ. ಗಂಡ ಎಂಬ ಪದವೂ ಸತ್ತ ಎಂಬ ಪದವೂ ಹೇಗೋ ನೆನಪಾದವು. ಬಾಯಿ ತೆರೆಯುವಷ್ಟರಲ್ಲಿ ದೋನ ಎರ್ಮೆಲಿಂದಾ ನನ್ನ ತೋಳು ಚಿವುಟಿದರು.

"ಬಿಡೇ. ಊರು ನೋಡಕ್ಕೆ ಅಷ್ಟು ದೂರದಿಂದ ಬಂದಿದಾರೆ. ಇನ್ನೂ ಹೊತ್ತಿದೆ."

ಹೊತ್ತು ಇರಲಿಲ್ಲ. ಹೊಳೆಯಂತೆ ಹರಿಯುವ ಜನದ ನಡುವಿನಿಂದ ಕೆಳಗಿಳಿದು, ಮತ್ತೆ ಮೇಲೆ ಹತ್ತುವಾಗ ಆ ಹೆಂಗಸು ಜೆಫೆರಿನೊನ ಭುಜ ತಟ್ಟಿ ಗಾಡಿ ನಿಲ್ಲಿಸಿದಳು. ಗಂಡನ ಜೊತೆ ಒಂದು ಮಿಠಾಯಿ ಅಂಗಡಿಯ ಸಾಲಿಗೆ ಹೋಗಿ ನಿಂತಳು. ಏನಿದು ಎಂದೆ. ಜೆಫೆರಿನೊ ಸ್ಟಿಯರಿಂಗಿಗೆ ತಲೆ ಚಚ್ಚಿಕೊಂಡ. ಅಷ್ಟು ವರ್ಷದ ಮೇಲೆ ಗಂಡನ ಹತ್ತಿರ ಬರಿಗೈಯಲ್ಲಿ ಹೋಗುತ್ತಾರೆಯೇ, ಅವರಿಗೆ ಬಿಸಿ ಪಾಸ್ತೆಲ್ ತಗೊಂಡು ಹೋಗೋಣ ಎಂದಳಂತೆ. ಈಗಲಾದರೂ ನಿಜ ಹೇಳು ಎಂದೆ. ಈಗ ಹೇಳಿದರೆ ಮೊದಲು ಸುಳ್ಳು ಹೇಳಿದ್ದೂ ಗೊತ್ತಾಗುತ್ತದೆ ಎಂದ. ಗಾಡಿ ಹೋಗುವ ಅವನ ಭಯ ನನಗೂ ಗೊತ್ತಿತ್ತು, ಬೈಯಲೂ ಮನಸ್ಸು ಬರಲಿಲ್ಲ. ಸಾಲು ಸರಿಯಲಿಲ್ಲ. ಯಾವುದೋ ಚರ್ಚಿನಲ್ಲಿ ಹತ್ತು ಹೊಡೆಯಿತು. ದೋನ ಎರ್ಮೆಲಿಂದಾ ಕಣ್ಣು ಮುಚ್ಚಿ ಆ ಗಂಟೆಯನ್ನು ಕೊನೆಯವರೆಗೂ ಕೇಳಿದರು. ಬಟ್ಟೆಯ ಮೇಲೆ ಸುತ್ತಿದ್ದ ಕಾಗದ ಅವರ ಬೆವರಿಗೆ ನೆನೆದು ಹರಿಯತೊಡಗಿತ್ತು.

ಸ್ಮಶಾನದ ಬಾಗಿಲಿಗೆ ಬಂದಾಗ ಗಂಡಹೆಂಡಿರು ಮೊದಲು ಸುತ್ತ ನೋಡಿದರು, ಮನೆ ಹುಡುಕುತ್ತಿದ್ದಿರಬೇಕು. ನಾನು ಕಾಯಲಿಲ್ಲ, ದೋನ ಎರ್ಮೆಲಿಂದಾರ ಸೊಂಟ ಹಿಡಿದು ಸೈಪ್ರೆಸ್ ಮರಗಳ ನಡುವೆ ಎಳೆದುಕೊಂಡೇ ಹೋದೆ. ಗುಂಡಿ ಬಾಯಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಪಕ್ಕದ ಗುಂಡಿಗಳೂ ಬರಿದಾಗಿದ್ದವು. ಗೋಡೆಯ ಬುಡದಲ್ಲಿ ಮೊಹರು ಹಾಕಿದ ಪೆಟ್ಟಿಗೆಗಳು ಸಾಲಾಗಿದ್ದವು, ಎಲ್ಲ ಒಂದೇ ಅಳತೆಯವು. ಗುಂಡಿ ತೋಡುವವನು ಟೊಪ್ಪಿಗೆ ತೆಗೆದು ನಿಂತ. ಸಾಕಷ್ಟು ಕಾದೆ, ಇವತ್ತು ಕೆಲಸ ಜಾಸ್ತಿ ಇತ್ತು ಎಂದ. ಒಂದು ಪೆಟ್ಟಿಗೆಯನ್ನು ತೋರಿಸಿ ಇದೇ ಅದೆಲಿನೊ ಅವರದು ಎಂದ. ತೆರೆದು ತೋರಿಸಲು ಕೇಳಿದೆ, ಜಗಳವಾಡಿದೆ, ಬೇಡಿಕೊಂಡೆ. ತನ್ನ ಕೈಯಲ್ಲಿಲ್ಲ ಎಂದ. ನಿಜವಾಗಿಯೂ ಅವನ ಕೈಯಲ್ಲಿರಲಿಲ್ಲ.

ದೋನ ಎರ್ಮೆಲಿಂದಾ ಪೆಟ್ಟಿಗೆಯ ಮೇಲಿನ ಮಣ್ಣನ್ನು ಅಂಗೈಯಲ್ಲಿ ಒರೆಸಿದರು. ಆಮೇಲೆ ಅವನತ್ತ ತಿರುಗಿ ಮೆಲ್ಲಗೆ ಕೇಳಿದರು.

"ನೀವೇ ಎತ್ತಿದ್ದಾ, ಸೆನ್ಯೋರ್?"

"ನಾನೇ, ಅಮ್ಮ."

"ಎಡಗಾಲು ಮಂಡಿಯ ಕೆಳಗೆ ಸೊಟ್ಟ ಇತ್ತಾ? ಯಾವಾಗ್ಲೋ ಮುರಿದು ಕೂಡ್ಕೊಂಡ ಹಾಗೆ?"

ಅವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ.

"ಇತ್ತು, ಅಮ್ಮ. ನೋಡಿದ್ದು ಚೆನ್ನಾಗಿ ನೆನಪಿದೆ. ಅವರೇ."

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಅವರು ಅವನ ಮಣ್ಣುಗೈ ಹಿಡಿದುಕೊಂಡರು. ನನಗೂ ಜೀವ ಬಂದಂತಾಯಿತು.

ಹಿಂದಿನಿಂದ ಬಿಕ್ಕುವುದು ಕೇಳಿಸಿತು. ಆ ಹೆಂಗಸು ಮಿಠಾಯಿ ಪೊಟ್ಟಣ ಹಿಡಿದು ನಿಂತಿದ್ದಳು. ಜೆಫೆರಿನೊ ಕೊನೆಗೂ ಹೇಳಿದ್ದ. ಕ್ಷಮಿಸಿ, ಕ್ಷಮಿಸಿ ಎಂದು ತನ್ನ ಭಾಷೆಯಲ್ಲಿ ಹೇಳುತ್ತ ಆಕೆ ಮಗುವಿನ ಹಾಗೆ ಅಳುತ್ತಿದ್ದಳು, ಗಂಡ ದಿಕ್ಕು ತೋಚದೆ ನಿಂತಿದ್ದ. ದೋನ ಎರ್ಮೆಲಿಂದಾ ಹೋಗಿ, ತಮಗಿಂತ ಎರಡು ಪಟ್ಟು ಎತ್ತರದ ಆ ಬೆನ್ನನ್ನು ಸವರಿದರು. ಅಳಬೇಡ ಮಗಳೇ, ನಿನ್ನದೇನು ತಪ್ಪು ಎಂದರು. ಊರು ಚೆನ್ನಾಗಿದೆಯಲ್ಲವೇ, ಕೇಳು ಅವಳನ್ನು ಎಂದು ಜೆಫೆರಿನೊನಿಗೆ ಹೇಳಿದರು. ಅವನು ಕೇಳಿದ. ತುಂಬ ಚೆನ್ನಾಗಿದೆ ಎಂದು ಆಕೆ ಅಳುತ್ತಲೇ ತಲೆಯಾಡಿಸಿದಳು. ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗಿತ್ತು, ಆದರೆ ಯಾರ ಮೇಲೆ ಕೂಗಾಡಲಿ?

ಅವರೆಲ್ಲ ಹೋದ ಮೇಲೆ ದೋನ ಎರ್ಮೆಲಿಂದಾ ಕಾಗದ ಬಿಚ್ಚಿ, ಪೆಟ್ಟಿಗೆಗೆ ಬಟ್ಟೆ ಹೊದಿಸಿದರು. ಅಂಚುಗಳನ್ನು ಎಳೆದು ಸರಿಮಾಡಿದರು. ಗೂಡಿನ ಬಾಗಿಲು ಮುಚ್ಚುವವರೆಗೂ ನೋಡಿದರು. ಸದ್ಯ, ಅವರೇ ಅಂತ ಗೊತ್ತಾಯ್ತಲ್ಲ ಎಂದು ನಾನು ಸಮಾಧಾನ ಹೇಳಿದೆ.

"ಪಾಪ, ಆ ಗುಂಡಿ ತೋಡೋನು ಒಳ್ಳೆಯವನು," ಎಂದರು ದೋನ ಎರ್ಮೆಲಿಂದಾ. "ಇವರ ಕಾಲು ಎರಡೂ ನೆಟ್ಟಗೇ ಇದ್ವು ಕಣೇ. ಯಾವತ್ತೂ ಮುರಿದಿರ್ಲಿಲ್ಲ."