ಅಧ್ಯಕ್ಷರಿಗೆ ಮೊದಲು ಹೋಗುತ್ತಿದ್ದ ಫೈಲು

ತಮ್ಮ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ಅಕ್ಕ ಅವನದೇ ಮೇಜಿನ ಮುಂದೆ ಕೂತು ಫೈಲುಗಳನ್ನು ಜೋಡಿಸುತ್ತಿದ್ದಳು. ದೂರದಿಂದ ಆಸ್ಪತ್ರೆಗೆ ಬರುವ ರೋಗಿಗಳ ಮನೆಯವರಿಗೆ ತಂಗಲು ಜಾಗ ಕೊಡುವ ಸೇವಾಸಂಸ್ಥೆ ಅದು. ತಮ್ಮ ಅದರ ಕಾರ್ಯದರ್ಶಿ. ಅವನು ಎದೆನೋವೆಂದು ಮಲಗಿದ ಮೇಲೆ ಟ್ರಸ್ಟಿಗಳ ಸಭೆಗೆ ಕಾಗದ ಅಣಿಮಾಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಹಿಂದಿನ ಸಭೆಯ ನಡಾವಳಿ ಮೇಲೆ, ತೀರ್ಮಾನವಾಗಬೇಕಾದದ್ದು ನಡುವೆ, ಬರೀ ತಿಳಿವಳಿಕೆಗೆ ಇರುವುದು ಕೊನೆಗೆ. ಸಾವಿನಿಂದಾಗಿ ಸಭೆಯನ್ನು ಮುಂದಕ್ಕೆ ಹಾಕಿದರು.

ಮಾತಾಡಿಸಲು ಮನೆಗೆ ಬಂದ ಸಂಸ್ಥೆಯ ಮ್ಯಾನೇಜರು ಹೊರಡುವಾಗ ಹೊಸ್ತಿಲಲ್ಲಿ ನಿಂತ.

"ಹೋದೋರ ಬಗ್ಗೆ ಆಡಬಾರದು ಅಕ್ಕಾ. ಆದ್ರೂ ಟ್ರಸ್ಟಿಗಳಿಗೆಲ್ಲ ಫೈಲು ಸಿಗೋದು ಸಭೆ ದಿನ, ಅಧ್ಯಕ್ಷರಿಗೆ ಮಾತ್ರ ಹಿಂದಿನ ಸಂಜೇನೇ. ಬಾಗಿಲು ಹಾಕ್ಕೊಂಡು ಇಬ್ರೂ ಏನು ಮಸಲತ್ತು ಮಾಡ್ತಿದ್ರೋ!"

ವಿಚಾರಣೆಯಾಗಲಿ ಎಂದು ಸಭೆಗೆ ಅರ್ಜಿಯನ್ನೂ ಕೊಟ್ಟ. ಸೇರಿಸದಿದ್ದರೆ ಮುಚ್ಚಿಟ್ಟಂತಾಗುತ್ತದೆಂದು ಅವಳು ಅದನ್ನು ಫೈಲಿನ ನಡುಭಾಗಕ್ಕೇ ಹಾಕಿದಳು. ಆದರೆ ಮನಸ್ಸಿಗೆ ಹುಳ ಹೊಕ್ಕಿತು. ಆ ಸಂಜೆಗಳಲ್ಲಿ ತಮ್ಮ ತಡವಾಗಿ ಬರುತ್ತಿದ್ದದ್ದು ನಿಜ. ಎಲ್ಲಿಗೆ ಹೋಗಿದ್ದೆಯೋ ಎಂದರೆ ನಕ್ಕು ಮಾತು ತೇಲಿಸುತ್ತಿದ್ದ. ದೇವರ ಮುಂದೆ ಕೈಮುಗಿದರೂ ಅವನ ಹೆಸರಿನಲ್ಲಿ ಒಂದು ಮಾತು ಹೊರಡದಾಯಿತು. ಶಾಂತಿ ಕೇಳುವುದೋ, ಕ್ಷಮೆ ಕೇಳುವುದೋ?

ನೋಡಿಯೇಬಿಡೋಣವೆಂದು ಸಭೆಯ ಹಿಂದಿನ ಸಂಜೆ ತಾನೇ ಫೈಲು ಹಿಡಿದು ಅಧ್ಯಕ್ಷರ ಮನೆಗೆ ಹೋದಳು. ಬಾಗಿಲು ತೆರೆದ ಅಧ್ಯಕ್ಷರ ಹೆಂಡತಿ ಬೀದಿಯ ಎರಡೂ ಕಡೆ ನೋಡಿ, ಇವಳನ್ನು ಒಳಗೆಳೆದು ಅಗಳಿ ಹಾಕಿದರು. ಆರಾಮಕುರ್ಚಿಯಲ್ಲಿದ್ದ ಅಧ್ಯಕ್ಷರು ಫೈಲಿಗೆ ಕೈ ಚಾಚಲೇ ಇಲ್ಲ.

"ಶುರು ಮಾಡಮ್ಮ."

"ಏನನ್ನ?"

"ಓದೋದನ್ನ," ಎಂದರು ಹೆಂಡತಿ. "ಇವರಿಗೆ ಅಕ್ಷರ ಕಾಣಲ್ಲ. ನಿಮ್ಮ ತಮ್ಮ ಓದಿ ಹೇಳ್ತಿದ್ದ, ಯಾರಿಗೂ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ವಿ. ಹೊರಗೆ ಗೊತ್ತಾದ್ರೆ ಅಧ್ಯಕ್ಷಗಿರಿ ಹೋಗುತ್ತಲ್ಲ."

"ಭಯ ಇವಳಿಗೇ. ದಿನವೆಲ್ಲ ಮನೇಲಿ ಕೂತು ತಲೆ ತಿಂತೀನಿ ಅಂತ!" ಎಂದು ನಕ್ಕರು ಅಧ್ಯಕ್ಷರು.

ಅಕ್ಕ ನಗಲಿಲ್ಲ. ಕಾಣದವರಿಗೆ ಓದುವವನು ಬೇಕಾದದ್ದನ್ನು ಓದಿ, ಬೇಡದ್ದನ್ನು ಹಾರಿಸಬಹುದಲ್ಲ! ಅನುಮಾನ ಇನ್ನೊಂದು ಕಡೆಗೆ ಮಗುಚಿತು. ಓದುತ್ತ ಓದುತ್ತ ಮ್ಯಾನೇಜರನ ಅರ್ಜಿಗೆ ಬಂದಳು. ಅದನ್ನು ಓದದೆ ಮೆಲ್ಲಗೆ ಹಾಳೆ ಮಗುಚಿದಳು.

"ಹಾಳೆ ಸದ್ದಾಯ್ತು, ಮಾತು ಬರಲಿಲ್ಲ," ಎಂದರು ಅಧ್ಯಕ್ಷರು. "ನಿಮ್ಮ ತಮ್ಮನೂ ಒಂದ್ಸಲ ಹೀಗೇ ಓದೋದು ನಿಲ್ಲಿಸಿದ. ಕೋಣೆ ಹಂಚೋದ್ರಲ್ಲಿ ಪಕ್ಷಪಾತ ಮಾಡ್ತಾನೆ ಅಂತ ಅವನ ಮೇಲೇ ದೂರು. ನೀರು ಕುಡಿದು ಪೂರ್ತಿ ಓದಿದ. ಮಾರನೇ ದಿನ ದೂರು ಕೊಟ್ಟೋರು ಸಭೇಲಿ ಅದನ್ನೇ ಬಾಯಾರೆ ಹೇಳಿದ್ರು. ಅವನು ಒಂದಕ್ಷರ ನುಂಗಿರಲಿಲ್ಲ."

ಅಕ್ಕನ ಕಣ್ಣು ಮಂಜಾಯಿತು. ತಮ್ಮ ಓದಿದಂಥದ್ದನ್ನು ತಾನು ಹಾರಿಸಹೊರಟಿದ್ದಳು. ಹಾಳೆಯನ್ನು ಹಿಂದಕ್ಕೆ ತಿರುಗಿಸಿ, ಅರ್ಜಿಯನ್ನು ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದಿದಳು.

"ಹಾಗೋ ಸಮಾಚಾರ!" ಎಂದರು ಅಧ್ಯಕ್ಷರು. "ನಾಳೆ ನನ್ನ ಕಣ್ಣಿನ ವಿಷಯ ನಾನೇ ಹೇಳ್ತೀನಿ."

ಮನೆಗೆ ಬಂದವಳೇ ದೇವರ ಮುಂದೆ ಕೂತಳು. "ತಂದೆಯೇ, ಆಡಿದವರದಕ್ಕಿಂತ ನಂಬಿದವಳ ಪಾಪ ದೊಡ್ಡದು, ಅದು ನನಗಿರಲಿ. ಕೊಟ್ಟ ಮಾತಿಗೆ ಬಾಯಿ ಬಿಗಿದು ಬದುಕಿದ ನನ್ನ ತಮ್ಮನನ್ನು ನಿನ್ನ ಪಾದದ ಹತ್ತಿರ ಇರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು."