ಲೋಕಮ್ಮನ ಗೂಟಕ್ಕೆ ಮರಳಿದ ಕೊಂಬು

ಅಲ್ಲಾ ಕಣ್ರೀ, ಕೆರೆ ಏರಿಯ ಬುಡದಲ್ಲೇ ಇರೋ ಲೋಕಮ್ಮನನ್ನು ಬಿಟ್ಟು, ಅರ್ಧ ಮೈಲಿ ಆಚೆಯ ತೋಟಪ್ಪನಿಗೆ ಕಾವಲು ಒಪ್ಪಿಸಿದರಲ್ಲ, ಆ ಊರಿನವರಿಗೆ ಏನು ಹೇಳೋಣ!

ಸೊರಬದ ಕಡೆಯ ಊರು. ಲೋಕಮ್ಮನ ಗಂಡ ರಂಗಪ್ಪ ನೀರುಗಂಟಿ. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಕೆರೆಗೆ ಅಪಾಯ ಬಂದರೆ ಕೊಂಬು ಊದಿ ಕೆಳಕೇರಿಯ ಹದಿನಾಲ್ಕು ಮನೆಯವರನ್ನು ಎಚ್ಚರಿಸುವುದು ಅವನ ಕೆಲಸ. ಹೋದ ವರ್ಷ ಅವನು ತೀರಿಕೊಂಡ. ಪೂಜೆಗೆ ಇಡುವ ಕೊಂಬು, ಗಂಡ ಸತ್ತವಳು ಮುಟ್ಟಬಾರದು ಅಂತ ತೋಟಪ್ಪನ ಮನೆಗೆ ಒಯ್ದರು. ಲೋಕಮ್ಮನ ಗೋಡೆಯಲ್ಲಿ ಅದನ್ನು ತೂಗುಹಾಕುತ್ತಿದ್ದ ಗೂಟ ಮಾತ್ರ ಉಳಿಯಿತು. ಆಮೇಲೆ ಅವಳ ಬಾಗಿಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮಾತಾಡಬೇಕು ಅನಿಸಿದರೆ ಕೋಳಿಗಳ ಜೊತೆ ಆಡುತ್ತಿದ್ದಳು, ಪಾಪ.

ಶ್ರಾವಣದಲ್ಲಿ ಕೆರೆ ಕೋಡಿ ಬಿತ್ತು. ಬೆಳಗ್ಗೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದ ಲೋಕಮ್ಮ ಏರಿ ಬುಡದಲ್ಲಿ ಜಿನುಗುವ ಒಸರು ನೋಡಿ ಪಟೇಲ ದೊಡ್ಡಬೀರಪ್ಪನ ಜಗಲಿಗೆ ಓಡಿದಳು.

"ಪಟೇಲ್ರೇ, ಒಸರು ಕೆಂಪಾಗೈತ್ರೀ!"

"ಮಳೆಗಾಲದಾಗೆ ನೀರು ಕೆಂಪಾಗದೆ ಇನ್ನೇನಾಗ್ತೈತೆ? ತೋಟಪ್ಪ ಶಿಕಾರಿಪುರದ ಸಂತೆಗೆ ಹೋಗ್ಯಾನೆ. ಬಂದು ನೋಡ್ತಾನೆ, ಹೋಗು."

ಗಂಡ ಬಂದು ಹೇಳಿದ್ದರೆ ಇವರು ಎದ್ದು ಓಡುತ್ತಿದ್ದರು ಅನಿಸಿ ಲೋಕಮ್ಮನಿಗೆ ಅಳು ಬಂತು.

ಬೀಜದ ವಿಷಯ ಹೇಳಲು ಬಂದಿದ್ದ ಗ್ರಾಮಸೇವಕ ವೀರಬಸಪ್ಪ ಅಲ್ಲೇ ಕೂತಿದ್ದ. "ಅಮ್ಮಾ, ದಿನಾ ಆ ನೀರು ತಿಳಿಯಾಗಿರ್ತಿತ್ತಾ?"

"ಹನ್ನೆರಡು ವರ್ಷದಿಂದ ಅದರಾಗೇ ಪಾತ್ರೆ ತೊಳೀತೀನಿ ಸ್ವಾಮಿ. ಇಂಥ ಬಣ್ಣ ಕಂಡಿಲ್ಲ."

ವೀರಬಸಪ್ಪ ಎದ್ದೇ ಬಿಟ್ಟ. "ಪಟೇಲ್ರೇ, ಏರಿ ಒಳಗಿನ ಮಣ್ಣು ಕೊಚ್ಚಿ ಬರ್ತಾ ಐತೆ. ಹಿಂಗೇ ಬಿಟ್ರೆ ಏರಿ ಒಡೀತೈತೆ. ಕೊಂಬು ತರಿಸಿ, ಊದಲಿ ಈಯಮ್ಮ."

"ಛೇ, ಇವಳು ಮುಟ್ಟೋ ಹಂಗಿಲ್ಲ!"

"ನಿಮ್ಮ ಮಗಳನ್ನ ಕೊಟ್ಟಿರೋದು ಕೆಳಕೇರಿಗೇ ಅಲ್ವೇನ್ರೀ?"

ಪಟೇಲರು ದಡಕ್ಕನೆ ಎದ್ದರು. ಕೊಂಬು ತರಲು ತೋಟಪ್ಪನ ಮನೆಗೆ ತಾವೇ ಓಡಿದರು.

ಲೋಕಮ್ಮ ಏರಿ ಮೇಲೆ ನಿಂತು ಊದಿದಳು. ಮೊದಲು ಬರೀ ಗಾಳಿ ಬಂತು. ಮತ್ತೆ ಊದಿದಾಗ ರಂಗಪ್ಪ ಊದುತ್ತಿದ್ದ ಸದ್ದೇ ಹೊರಟಿತು. ಕೆಳಕೇರಿಯವರು ಮಕ್ಕಳನ್ನು ಎತ್ತಿಕೊಂಡು ದಿಬ್ಬ ಹತ್ತಿದರು. ಗಂಡಸರು ತೂಬು ಎತ್ತಿ ಕೆರೆಯ ನೀರು ಇಳಿಸಿ, ಒಸರಿನ ಮೇಲೆ ಮರಳು ಜಲ್ಲಿ ಸುರಿದರು. ಸಂಜೆಗೆ ಒಸರು ತಿಳಿಯಾಯಿತು.

ಈಗ ಕೊಂಬು ಅವಳ ಗೂಟದಲ್ಲೇ ಐತೆ. ಮನೆಯಲ್ಲಿ ಈಗಲೂ ಅವಳೊಬ್ಬಳೇ. ಆದರೆ ಗದ್ದೆಗೆ ಹೋಗೋರು ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು, "ಲೋಕಕ್ಕಾ, ಇವತ್ತು ನೀರು ಹೆಂಗೈತೆ?" ಅಂತ ಕೇಳ್ತಾರೆ. ಆ ಒಂದು ಮಾತಿಗೆ ಅವಳು ಬೆಳಗಾಗೋದನ್ನೇ ಕಾಯ್ತಾಳೆ.

ನಿಮ್ಮೂರ ಕೆರೆಯ ಪಕ್ಕ ಯಾರ ಮನೆ ಐತ್ರೀ? ನೀರನ್ನು ದಿನಾ ನೋಡೋರು ಅವರೇ. ಕೊಂಬೋ ತಮಟೆಯೋ, ಅವರ ಕೈಗೇ ಕೊಡಿ. ಇವತ್ತೇ ಅವರ ಬಾಗಿಲಿಗೆ ಹೋಗಿ, ನೀರು ಹೆಂಗೈತೆ ಅಂತ ಕೇಳಿ.