ಹಲ್ಲುನೋವಿನ ಅಪೊಲೋನಿಯಮ್ಮ

ಮೇಲೂರಿನ ಅಕ್ಕಯ್ಯಮ್ಮನಿಗೆ ದವಡೆಹಲ್ಲಿನ ನೋವು ಶುರುವಾಗಿ ಲವಂಗ ಕಚ್ಚಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಡಾಕ್ಟರ ಹತ್ತಿರ ಹೋಗಲು ಮಾತ್ರ ಸುತಾರಾಂ ಒಪ್ಪಲಿಲ್ಲ. ಸೊಸೆ ತನುಜ ಹೇಳಿ ಹೇಳಿ ಸೋತಳು. ಆಗ ಎದುರುಮನೆಯ ಮಾಲಾ, ತಾನು ಹೋಗುವ ಚಿಕ್ಕಬಳ್ಳಾಪುರದ ಚರ್ಚಿನಲ್ಲಿ ಹಲ್ಲುನೋವಿಗೆಂದೇ ಅಪೊಲೋನಿಯಮ್ಮ ಎಂಬ ಸಂತಳಿದ್ದಾಳೆ ಎಂದಳು. ದೇವತೆಯೇ ಇರುವಾಗ ಡಾಕ್ಟರು ಯಾಕೆ ಎಂದು ಅಕ್ಕಯ್ಯಮ್ಮ ಮರುದಿನವೇ ತೆಂಗಿನಕಾಯಿ, ಕನಕಾಂಬರದ ಹಾರ ಹಿಡಿದು ಬಸ್ಸು ಹತ್ತಿದಳು.

ಚರ್ಚಿನ ಗೂಡಿನಲ್ಲಿದ್ದ ವಿಗ್ರಹದ ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ಒಂದು ಹಲ್ಲು. ಅಕ್ಕಯ್ಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಈಕೆಯೂ ಕೀಳುವವಳೇ ಇರಬೇಕು ಎಂದು ಗೊಣಗಿದಳು.

ಅಲ್ಲ, ಕೀಳಿಸಿಕೊಂಡವಳು ಎಂದರು ಅಲ್ಲಿಗೆ ಬಂದ ಫಾದರ್ ಚೌರಪ್ಪ. ಕೆನ್ನೆಗೆ ಕರ್ಚೀಫು ಒತ್ತಿಕೊಂಡೇ ಕಥೆ ಹೇಳಿದರು. ಬಹಳ ಹಿಂದೆ ಅಲೆಕ್ಸಾಂಡ್ರಿಯಾ ಎಂಬ ಊರಲ್ಲಿ ಯೇಸುವನ್ನು ನಂಬಿದವರ ಮೇಲೆ ಜನ ಮುಗಿಬಿದ್ದರಂತೆ. ಈ ಮುದುಕಿಯನ್ನು ಹಲ್ಲೆಲ್ಲ ಉದುರುವಂತೆ ಹೊಡೆದರಂತೆ. ನಿನ್ನ ದೇವರನ್ನು ಬೈಯದಿದ್ದರೆ ಬೆಂಕಿಗೆ ಹಾಕುತ್ತೇವೆ ಎಂದಾಗ ಆಕೆ ಬೈಯಲಿಲ್ಲ, ತಾನೇ ಬೆಂಕಿಗೆ ಹಾರಿದಳಂತೆ.

ವಯಸ್ಸಿನಲ್ಲಿ ತನ್ನ ಓರಗೆಯವಳು. ಅಕ್ಕಯ್ಯಮ್ಮ ಕಾಯಿ ಒಡೆಯುವುದನ್ನು ಮರೆತು ಹಾರ ಹಾಕಿ ಕೈಮುಗಿದಳು. ಆಮೇಲೆ, ಫಾದರ್ ಕೆನ್ನೆ ಯಾಕೆ ಬೋಂಡಾದಂತೆ ಊದಿದೆ ಎಂದು ಕೇಳಿದಳು.

ಹಲ್ಲು ಎಂದರು ಅವರು ಮೆಲ್ಲಗೆ. ಡಾಕ್ಟರು ಕರೆಯುತ್ತಲೇ ಇದ್ದಾರೆ, ಆದರೆ ಸೂಜಿ ಕಂಡರೆ ಕಾಲು ನಡುಗುತ್ತದೆ ಎಂದೂ ಒಪ್ಪಿಕೊಂಡರು.

"ಆಯಮ್ಮ ಬೆಂಕಿಗೇ ಬಿದ್ದವ್ಳೆ, ನೀವು ಕುರ್ಚಿ ಮೇಲೆ ಕೂತ್ಕೊಳಕ್ಕೆ ಹೆದರ್ತೀರಲ್ಲ ಸ್ವಾಮಿ," ಎಂದಳು ಅಕ್ಕಯ್ಯಮ್ಮ. "ನಡೀರಿ, ನಾನೂ ಬರ್ತೀನಿ."

ಆಡಿದ ಮೇಲೆ ಹಿಂದೆಗೆಯುವಂತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಫಾದರ್, "ನೀವು ದೊಡ್ಡೋರು ಕಣಮ್ಮ, ಮೊದ್ಲು ನೀವೇ ಹೋಗಿ," ಎಂದು ಬಲು ಗೌರವದಿಂದ ದಾರಿ ಬಿಟ್ಟರು. ಅವರ ಉಪಾಯ ಅವಳಿಗೆ ತಿಳಿಯದೇನಲ್ಲ. ಆದರೂ ಹೋಗಿ, ಕಣ್ಣು ಮುಚ್ಚಿ ಬಾಯಿ ತೆರೆದಳು. ಹಲ್ಲು ಕಿತ್ತು ಬಂದದ್ದೇ ಗೊತ್ತಾಗಲಿಲ್ಲ.

ಹೊರಬಂದು ಫಾದರಿಗೆ ಧೈರ್ಯ ಹೇಳಹೋದರೆ ಬಾಯಿ ತುಂಬ ಹತ್ತಿ, ಬರೀ ಗೊರಗೊರ ಸದ್ದು ಬಂತು. ಅದನ್ನು ಕೇಳಿ ಫಾದರ್ ಎದ್ದು ಹೊರಬಾಗಿಲ ಕಡೆ ಹೊರಟರು. ಅಕ್ಕಯ್ಯಮ್ಮ ಅವರ ತೋಳು ಹಿಡಿದು ಒಳಗೆ ಕರೆದೊಯ್ದು ಕೂರಿಸಿದಳು, ಮುಗಿಯುವವರೆಗೂ ಕೈ ಬಿಡಲಿಲ್ಲ.

ಹತ್ತಿ ತೆಗೆದ ಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿನ ಅಂಗಡಿ ಮುಂದೆ ಕೂತು, ಡಾಕ್ಟರು ಹೇಳಿದಂತೆ ಐಸ್‌ಕ್ರೀಮು ತಿಂದರು. ದವಡೆ ಇನ್ನೂ ಜೋಮು ಹಿಡಿದು, ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ. ಮೇಲೂರಿನ ಬಸ್ಸು ಬಂದಾಗ ಫಾದರ್ ಎದ್ದು ನಿಂತು ಅವಳಿಗೆ ಕೈಮುಗಿದರು.